ಶೆಟ್ಟಿಹಳ್ಳಿ ಚರ್ಚ್ ಮುಳುಗಿದ್ದು ನಿನೆವೆಗೆ ಬಂದಂಥ ತೀರ್ಪೇ? ನಹೂಮನ ಪುಸ್ತಕವನ್ನು ಕೂಟದಲ್ಲಿ ಹೇಗೆ ಓದಿಸಲಿ?

ನೀವು ಕೇಳಿರುವುದು ಎರಡು ಪ್ರಶ್ನೆ. ಹಾಸನದ ನಿಮ್ಮ ಸಭೆಯ ಯುವಕರ ಕೂಟದಲ್ಲಿ, ಅಶ್ಶೂರದ ರಾಜಧಾನಿ ನಿನೆವೆಯ ನಾಶವನ್ನು ಸಾರುವ ಬೈಬಲಿನ ಪ್ರವಾದಿ ನಹೂಮನ ಪುಸ್ತಕದ ಮೇಲೆ ಒಂದು ಗಂಟೆ ಮಾತಾಡಬೇಕು, ಹೇಗೆ ತಯಾರಾಗುವುದು ಎನ್ನುವುದು ಒಂದು. ಗೊರೂರು ಹಿನ್ನೀರಿನಲ್ಲಿ ಶೆಟ್ಟಿಹಳ್ಳಿ ಚರ್ಚ್ ಮುಳುಗಿದ್ದೂ ನಹೂಮ ಹೇಳಿದ ಪ್ರವಾಹದ ಥರದ್ದೇ ತೀರ್ಪು ಎಂದು ಹಿರಿಯರೊಬ್ಬರು ಹೇಳಿದರಂತೆ, ಅದು ಸರಿಯಾ ಎನ್ನುವುದು ಇನ್ನೊಂದು.

ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಸರಿಯಲ್ಲ. ಪ್ರವಾದಿಗಳು ಒಂದು ಪಟ್ಟಣದ ಮೇಲೆ ತೀರ್ಪು ಸಾರುವಾಗ ಊರಿನ ಹೆಸರು ಹಿಡಿದು, ಅದು ಮಾಡಿದ ಪಾಪ ಇಂಥದ್ದು ಎಂದು ಎತ್ತಿ ತೋರಿಸಿ, ಆಮೇಲೆ ಶಿಕ್ಷೆಯ ಮಾತಾಡುತ್ತಾರೆ. ಅದೂ ನಾಶವಾಗುವ ಮುಂಚೆ. ಶೆಟ್ಟಿಹಳ್ಳಿಯ ವಿಷಯದಲ್ಲಿ ಆರೋಪವೂ ಇಲ್ಲ, ಎಚ್ಚರಿಕೆಯೂ ಇಲ್ಲ, ಬರೀ ನೀರು. ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿದ ಚರ್ಚ್ ಅದು. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದು ಹಿನ್ನೀರು ಏರಿತು, ಜನ ಊರು ಬಿಟ್ಟರು. ಹೊಲ ಮನೆ ಕಳಕೊಂಡವರನ್ನು ಪ್ರವಾದಿಗಳು ಪಾಪಿಗಳೆಂದು ಬೆರಳು ತೋರಿಸಿದ್ದನ್ನು ನಾನಂತೂ ಓದಿಲ್ಲ. ಮೀಕ 2:2 ನೋಡಿ, ಅಲ್ಲಿ ಬೈಸಿಕೊಳ್ಳುವವರು ಹೊಲ ಕಿತ್ತುಕೊಂಡವರು. ಅದೂ ಅಲ್ಲದೆ, ನಹೂಮ 1:8 ಮತ್ತು 2:6ರಲ್ಲಿ ನೀರು ಬರುತ್ತದೆ ನಿಜ, ಆದರೆ 3:13ರಲ್ಲಿ ಬೆಂಕಿ, 3:15ರಲ್ಲಿ ಬೆಂಕಿಯ ಜೊತೆ ಕತ್ತಿ. ನೀರೇ ಗುರುತು ಅಂತಾದರೆ ಬೆಂಕಿ ಬಿದ್ದ ಪ್ರತಿ ಮನೆಯ ಬಗ್ಗೆಯೂ ಹೀಗೇ ಹೇಳಬೇಕಾಗುತ್ತದೆ.

ಇನ್ನು ತಯಾರಿ. ನಹೂಮ ಮೂರೇ ಅಧ್ಯಾಯ, 47 ವಚನ. ಒಮ್ಮೆ ಪೂರ್ತಿ ಗಟ್ಟಿಯಾಗಿ ಓದಿಸಿ. ಕೆಲವು ಅನುವಾದಗಳಲ್ಲಿ 1:15 ಎನ್ನುವುದು 2:1 ಆಗಿರುತ್ತದೆ, ಅಲ್ಲಿಂದ ಎರಡನೇ ಅಧ್ಯಾಯದ ಸಂಖ್ಯೆಗಳೆಲ್ಲ ಒಂದೊಂದು ಮುಂದೆ ಹೋಗುತ್ತವೆ. ಕೂಟದಲ್ಲಿ ಎರಡು ಥರದ ಬೈಬಲ್ ಇದ್ದರೆ ಇದೇ ಗೊಂದಲದಲ್ಲಿ ಹತ್ತು ನಿಮಿಷ ಹೋಗುತ್ತದೆ, ಮೊದಲೇ ಹೇಳಿಬಿಡಿ.

ಎರಡನೇ ಸಲ ಓದುವಾಗ ಪೆನ್ಸಿಲ್ ಕೊಟ್ಟು ಆರೋಪದ ವಚನಗಳಿಗೆ ಮಾತ್ರ ಗೆರೆ ಹಾಕಿಸಿ: 1:11, 2:12, 3:1, 3:4, 3:19. ರಕ್ತ, ಸುಳ್ಳು, ಸುಲಿಗೆ, ಜನಾಂಗಗಳನ್ನೇ ಮಾರುವುದು. ಸಾಮಾನ್ಯವಾಗಿ ಪ್ರಸಂಗಗಳಲ್ಲಿ ಶಿಕ್ಷೆಯ ಭಾಗವೇ ಜೋರಾಗಿ ಕೇಳಿಸುತ್ತದೆ, ಆರೋಪ ಜಾರಿಹೋಗುತ್ತದೆ. ಆಮೇಲೆ ಯಾವ ಊರಿಗೆ ಯಾವ ವಿಪತ್ತು ಬಂದರೂ ಅದನ್ನು ಅಂಟಿಸುವುದು ಸುಲಭವಾಗುತ್ತದೆ. ಬೈಬಲಿನಲ್ಲಿ ಬೆಂಕಿಗೆ ನಾಶವಾದ ಸೊದೋಮ್ ಪಟ್ಟಣದ ವಿಷಯದಲ್ಲೂ ಹಾಗೇ. ಯೆಹೆಜ್ಕೇಲ 16:49 ಅದರ ಪಾಪಗಳಲ್ಲಿ ಗರ್ವವನ್ನೂ, ಹೊಟ್ಟೆ ತುಂಬಿದ್ದರೂ ಬಡವರ ಕೈಹಿಡಿಯದಿದ್ದದ್ದನ್ನೂ ಹೇಳುತ್ತದೆ. ಆ ವಚನ ಎಷ್ಟು ಜನಕ್ಕೆ ನೆನಪಿದೆ?

ಕಾಲ ಗೊತ್ತುಮಾಡಲು 3:8 ಸಾಕು. ಅಲ್ಲಿ ಈಜಿಪ್ಟಿನ ನೋ-ಅಮೋನ್, ಅಂದರೆ ಥೀಬ್ಸ್ ಪಟ್ಟಣ, ಆಗಲೇ ಬಿದ್ದಿದೆ. ಅಶ್ಶೂರರೇ ಅದನ್ನು ಕೆಡವಿದ್ದು ಕ್ರಿ.ಪೂ. 663ರ ಸುಮಾರಿಗೆ. ನಿನೆವೆ ಬಿದ್ದದ್ದು ಕ್ರಿ.ಪೂ. 612ರಲ್ಲಿ, ಬಾಬೆಲಿನವರು ಮತ್ತು ಮೇದ್ಯರ ಕೈಯಲ್ಲಿ. ಪುಸ್ತಕ ಈ ಎರಡರ ನಡುವಿನದು.

"ಪ್ರವಾದಿ ಇನ್ನೊಬ್ಬರ ನಾಶಕ್ಕೆ ಇಷ್ಟು ಖುಷಿಪಡಬಹುದಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಲಾಕೀಷಿನ ಕೆತ್ತನೆಗಳ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ. ಕ್ರಿ.ಪೂ. 701ರಲ್ಲಿ ಯೂದದ ಲಾಕೀಷ್ ಪಟ್ಟಣವನ್ನು ಹಿಡಿದ ಅಶ್ಶೂರದ ರಾಜ ಸನ್ಹೇರೀಬ, ಸೆರೆಯಾದವರ ಚರ್ಮ ಸುಲಿಯುವುದನ್ನೂ ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಹೊರಡುವುದನ್ನೂ ನಿನೆವೆಯ ಅರಮನೆಯ ಗೋಡೆಯಲ್ಲಿ ಕೆತ್ತಿಸಿಕೊಂಡ. ಅವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ನಹೂಮನ ಮಾತು ಇಂಥದ್ದನ್ನು ಉಂಡ ಜನರಿಗೆ ಹೇಳಿದ್ದು. ಕ್ಯಾಲೆಂಡರಿನಲ್ಲಿ ಅಚ್ಚಾಗುವ 1:7, "ಯೆಹೋವನು ಒಳ್ಳೆಯವನು", ಅದರ ಮರುವಚನವೇ ಪ್ರವಾಹ. ಎರಡನ್ನೂ ಸೇರಿಸಿ ಓದಿ, ಬೇರ್ಪಡಿಸಬೇಡಿ.

ಜೊತೆಗೆ ಯೋನ 3 ಮತ್ತು 4 ಓದಲೇಬೇಕು. ಅದೇ ಪಟ್ಟಣ, ನಲವತ್ತು ದಿನದ ಗಡುವು, ಜನ ಗೋಣಿತಟ್ಟು ಉಟ್ಟರು, ತೀರ್ಪು ನಿಂತಿತು. ಹಾಗೇಕೆ ನಿಂತಿತು ಎನ್ನುವುದಕ್ಕೆ ಯೆರೆಮೀಯ 18:7-8 ನೇರ ಉತ್ತರ ಕೊಡುತ್ತದೆ. ತಿರುಗಿಕೊಳ್ಳಲಿ ಎಂದೇ ಎಚ್ಚರಿಕೆ ಕೊಡುವುದು. ಇನ್ನೊಂದು ವಿಶೇಷ: ಎರಡೂ ಪುಸ್ತಕ ಮುಗಿಯುವುದು ಪ್ರಶ್ನೆಯಲ್ಲಿ. ಯೋನ 4:11ರಲ್ಲಿ ಲಕ್ಷದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ, ದನಕರುಗಳ ಮೇಲೆ ನಾನು ಕನಿಕರಪಡಬಾರದೇ ಎಂಬ ದೇವರ ಪ್ರಶ್ನೆ. ನಹೂಮ 3:19ರಲ್ಲಿ ನಿನ್ನ ಕೇಡು ಯಾರನ್ನು ತಾನೇ ಮುಟ್ಟಲಿಲ್ಲ ಎಂಬ ಪ್ರಶ್ನೆ. ಚರ್ಚೆಗೆ ಈ ಎರಡನ್ನೇ ಕೊಡಿ, ಅರ್ಧ ಗಂಟೆ ಬಿಡಿ.

ಆ ಹಿರಿಯರು ಕೂಟಕ್ಕೂ ಬಂದು ಮತ್ತೆ ಶೆಟ್ಟಿಹಳ್ಳಿಯನ್ನೇ ಎತ್ತಿದರೆ ವಾದಕ್ಕಿಳಿಯಬೇಡಿ, ಲೂಕ 13:1-5 ಓದಲು ಅವರಿಗೇ ಹೇಳಿ. ಸಿಲೋವದ ಗೋಪುರ ಬಿದ್ದು ಸತ್ತ 18 ಜನ ಉಳಿದವರಿಗಿಂತ ಹೆಚ್ಚಿನ ಪಾಪಿಗಳೇ ಎಂದು ಕೇಳಿದ ಯೇಸು, ಅಲ್ಲವೆಂದು ಹೇಳಿ ಮಾತನ್ನು ಕೇಳುತ್ತಿದ್ದವರ ಕಡೆಗೇ ತಿರುಗಿಸುತ್ತಾನೆ. ಪ್ರಕಟನೆ 18ರ ಬಾಬೆಲನ್ನು ಇದೇ ದಿನ ತರಬೇಡಿ, ಅದಕ್ಕೆ ಇನ್ನೊಂದು ವಾರ ಬೇಕು.