ಭಾರತ ಫುಟ್‌ಬಾಲ್ ತಂಡ ಯಾವತ್ತಾದರೂ ವಿಶ್ವಕಪ್ ಆಡಿದೆಯಾ?

ಇಲ್ಲ, ಒಮ್ಮೆಯೂ ಆಡಿಲ್ಲ. 1950ರಲ್ಲಿ ಗುಂಪಿನ ಉಳಿದ ತಂಡಗಳು ಹಿಂದೆ ಸರಿದು, ಬ್ರೆಜಿಲ್‌ಗೆ ಹೋಗುವ ಅವಕಾಶ ತಾನಾಗಿ ಕೈಗೆ ಬಂದಿತ್ತು. ನಾವೇ ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲ ಅನ್ನೋ ಕಥೆ ಜಾಸ್ತಿ ಓಡಾಡುತ್ತದೆ, ಆದರೆ ಆಗಿನ ಆಟಗಾರ ಶೈಲೇನ್ ಮನ್ನಾ ಅವರೇ ಅದನ್ನು ಒಪ್ಪಿರಲಿಲ್ಲ. ಆ ಕಾಲಕ್ಕೆ ನಮ್ಮವರಿಗೆ ಒಲಿಂಪಿಕ್ಸೇ ದೊಡ್ಡದು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಎರಡು ಪೆನಾಲ್ಟಿ ಕೈಚೆಲ್ಲಿ 1-2ರಿಂದ ಸೋತರು. ನಮ್ಮ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು!

ನಿಜವಾದ ಒಳ್ಳೆ ಕಾಲ ಅಂದರೆ ಕೋಚ್ ಸೈಯದ್ ಅಬ್ದುಲ್ ರಹೀಂ ಅವರದು. 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 4-2ರಿಂದ ಮಣಿಸಿ ನಾಲ್ಕನೇ ಸ್ಥಾನ. ಅದರಲ್ಲಿ ಮೂರು ಗೋಲು ನೆವಿಲ್ ಡಿಸೋಜಾ ಒಬ್ಬರದೇ. 1962ರ ಜಕಾರ್ತ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಎದುರು 2-1ರ ಗೆಲುವು. ತಲೆಗೆ ಪೆಟ್ಟಾಗಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ರಹೀಂ ಫಾರ್ವರ್ಡ್ ಆಗಿ ಇಳಿಸಿದರು. ಒಂದು ಗೋಲು ಅವರೇ ಹೊಡೆದರು! ಮರುವರ್ಷ ರಹೀಂ ತೀರಿಕೊಂಡರು.

1964ರ ಏಷ್ಯಾ ಕಪ್‌ನಲ್ಲಿ ಎರಡನೇ ಸ್ಥಾನ, 1970ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಬಂತು. ಆಮೇಲೆ ಆ ಎತ್ತರ ಮತ್ತೆ ಸಿಕ್ಕಿಲ್ಲ.