ಕರೆಂಟು, ಡ್ರಿಲ್ ಇಲ್ಲದ ಉಚಿತ ಶಿಬಿರದಲ್ಲಿ ದಂತವೈದ್ಯರು ಹುಳುಕು ಹಲ್ಲು ತುಂಬುವುದು ಹೇಗೆ?

ಕೈ ಉಪಕರಣಗಳಿಂದಲೇ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ರೂಪುಗೊಂಡ ಈ ವಿಧಾನದ ಹೆಸರು ಎ.ಆರ್.ಟಿ. (ಅಟ್ರಾಮ್ಯಾಟಿಕ್ ರಿಸ್ಟೋರೇಟಿವ್ ಟ್ರೀಟ್‌ಮೆಂಟ್, ಅಂದರೆ ಹೆಚ್ಚು ಘಾಸಿ ಮಾಡದೆ ಹಲ್ಲು ತುಂಬುವ ಚಿಕಿತ್ಸೆ). ಅರೆಬರೆ ಕೆಲಸವೆಂದು ಇದನ್ನು ಹೀಗಳೆಯುವುದು ತಪ್ಪು.

ಎಕ್ಸ್‌ಕವೇಟರ್ ಎಂಬ ಚಮಚದಾಕಾರದ ಪುಟ್ಟ ಕೈ ಉಪಕರಣದಿಂದ ಮೆತ್ತಗಾದ ಭಾಗವನ್ನು ಕೆರೆದು ತೆಗೆಯುತ್ತಾರೆ. ಕುಳಿಯ ಅಂಚು ಪೂರ್ತಿ ಸ್ವಚ್ಛವಾಗಲೇಬೇಕು. ನರದ ಹತ್ತಿರ ಮಾತ್ರ ಅತಿಯಾಗಿ ಕೆರೆಯಬಾರದು. ತುಂಬುವ ವಸ್ತು ಹಲ್ಲಿಗೆ ಅಂಟಲು ನೆರವಾಗುವ ಕಂಡೀಷನರ್ ಎಂಬ ದ್ರವವನ್ನು 10–15 ಸೆಕೆಂಡ್ ಸವರಿ, ಒದ್ದೆ ಹತ್ತಿಯಿಂದ ತೊಳೆದು, ಒಣ ಹತ್ತಿಯಿಂದ ಒರೆಸಿ, ಪುಡಿ-ದ್ರವ ಕಲಸಿದ ಗ್ಲಾಸ್ ಅಯಾನೊಮರ್ ಎಂಬ ಹಲ್ಲಿನ ಸಿಮೆಂಟ್ ತುಂಬಿ, ವ್ಯಾಸಲೀನ್ ಹಚ್ಚಿದ ಗ್ಲೌಸ್ ಬೆರಳಿಂದ ಒತ್ತುತ್ತಾರೆ. ಒಂದು ಗಂಟೆ ಏನೂ ಅಗಿಯಬಾರದು.

ತುಂಬಿದ್ದು ಬೇಗ ಉದುರಿದರೆ ಸಾಮಾನ್ಯ ಕಾರಣ ಎಂಜಲು ತಾಗಿದ್ದು, ಇಲ್ಲವೇ ಪುಡಿ-ದ್ರವದ ಅಳತೆ ತಪ್ಪಿದ್ದು. ಹಾಗಾಗಿ ಕಲಸಿಕೊಡಲು, ಹತ್ತಿ ಬದಲಿಸಲು ಸಹಾಯಕರು ಬೇಕೇ ಬೇಕು. ಹಲ್ಲುಗಳ ಸಂದಿಯ ಹುಳುಕಿಗೆ ಬಾಳಿಕೆ ಕಡಿಮೆ. ಕೀವು, ಊತ, ನಿದ್ದೆಗೆಡಿಸುವ ನೋವಿದ್ದರೆ ಕ್ಲಿನಿಕ್‌ಗೇ ಕಳಿಸಬೇಕು.