ಬೆಂಗಳೂರಿನ ಮನೆ, ಹಳೇ ಮಾಲೀಕರ ಬಾಕಿ

"ಅಕ್ಕ, ನಾವು ನ್ಯೂಜೆರ್ಸಿಗೆ ಹೊಸಬರು. ಹೊರಡುವ ಮುಂಚೆ ವಿಜಯನಗರದಲ್ಲಿ ಹಳೇ ಮನೆ ಕೊಂಡೆವು. ಈಗ ಒಂದೊಂದೇ ಹೊರಗೆ ಬರ್ತಿದೆ. ಕರೆಂಟ್ ಬಾಕಿ, ನೀರಿನ ಬಿಲ್ಲಿನಲ್ಲಿ ದಂಡ. ಕೆಳಗಡೆ ತಿಂಗಳ ಬಾಡಿಗೆ ಬದಲು ಹಳೇ ಮಾಲೀಕರಿಗೆ ಒಟ್ಟಿಗೆ ದುಡ್ಡು ಕೊಟ್ಟು ಭೋಗ್ಯಕ್ಕಿರುವವರು, ಅದನ್ನು ವಾಪಸ್ ಕೊಟ್ಟರೇ ಬಿಡೋದು ಅಂತಾರೆ. ಅಪ್ಪ ಕಚೇರಿ ಅಲೆದು ಸುಸ್ತಾಗಿದ್ದಾರೆ. ಇಷ್ಟು ದೂರದಿಂದ ನೀವೆಲ್ಲ ಹೇಗೆ ನಿಭಾಯಿಸ್ತೀರಿ?" ಅಂತ ಕೇಳಿದ್ದೀರಿ.

ಮೊದಲು ನಿಮ್ಮ ಅಪ್ಪನ ಮಾತು. ಇಲ್ಲಿ ಚಳಿಗಾಲದ ನಡುರಾತ್ರಿ ಅಂದರೆ ಅಲ್ಲಿ ಬೆಳಗ್ಗೆ ಹತ್ತೂವರೆ, ಆಗಷ್ಟೇ ಕಚೇರಿಗಳಲ್ಲಿ ಕೆಲಸ ಶುರುವಾಗಿರುತ್ತದೆ. ಹಾಗಾಗಿ ಫೋನಿನಲ್ಲೇ ಎಲ್ಲ ಮುಗಿಸಲು ಆಗುವುದಿಲ್ಲ, ಓಡಾಟ ವಯಸ್ಸಾದವರ ತಲೆಗೆ ಬೀಳುತ್ತದೆ. ಇದನ್ನು ತಪ್ಪಿಸಿ. ಅಲ್ಲೇ ಇರುವ ತಮ್ಮನಿಗೋ, ನಂಬಿಕೆಯ ಭಾವನಿಗೋ ಪವರ್ ಆಫ್ ಅಟಾರ್ನಿ ಕೊಡಿ. ಪಾಲಿಕೆಯಲ್ಲಿರುವ ಆಸ್ತಿ ಖಾತೆ, ಕರೆಂಟ್, ನೀರು, ಕೋರ್ಟು, ಇಷ್ಟಕ್ಕೆ ಮಾತ್ರ. ಮಾರುವ ಅಧಿಕಾರ ಅದರಲ್ಲಿ ಬರೆಯಬೇಡಿ. ನ್ಯೂಜೆರ್ಸಿಯಲ್ಲಿರುವ ನಮ್ಮಂಥವರು ಅದನ್ನು ನ್ಯೂಯಾರ್ಕ್‌ನ ಭಾರತೀಯ ಕಾನ್ಸುಲೇಟ್ ಮೂಲಕ ದೃಢೀಕರಿಸಿಕೊಳ್ಳಬೇಕು. ಪತ್ರ ಬೆಂಗಳೂರು ಮುಟ್ಟಿದ 3 ತಿಂಗಳೊಳಗೆ ಅಲ್ಲಿ ಸ್ಟಾಂಪ್ ಡ್ಯೂಟಿ ಕಟ್ಟಿಸಬೇಕು. ತುಂಬ ಜನ ಈ ಎರಡನೇ ಹೆಜ್ಜೆ ಮರೆಯುತ್ತಾರೆ.

ಕರೆಂಟ್ ಬಾಕಿಗೆ ಜಾಸ್ತಿ ಹೋರಾಡಬೇಡಿ. "ಅದು ಹಳೇ ಮಾಲೀಕರ ಸಾಲ, ನನ್ನದಲ್ಲ" ಎಂಬ ವಾದ ನ್ಯಾಯವಾಗಿ ಕಾಣುತ್ತದೆ, ನಿಜ. ಆದರೆ ವಿದ್ಯುತ್ ಪೂರೈಕೆಯ ನಿಯಮದಲ್ಲಿ ಹಾಗಿದ್ದರೆ ಹಳೇ ಬಾಕಿಯನ್ನು ಹೊಸ ಮಾಲೀಕರಿಂದ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಹೇಳಿದೆ. ಕಟ್ಟಿಬಿಡಿ, ರಸೀದಿ ಇಟ್ಟುಕೊಳ್ಳಿ, ಕರೆಂಟ್ ಸಂಪರ್ಕದ ಆರ್‌ಆರ್ ನಂಬರನ್ನು ನಿಮ್ಮ ಹೆಸರಿಗೆ ಮಾಡಿಸಿ. ಆಮೇಲೆ ಆ ಹಣವನ್ನು ಮಾರಿದವರ ಹತ್ತಿರ ಕೇಳಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾರಾಟದ ದಿನದವರೆಗಿನ ಸರ್ಕಾರಿ ತೆರಿಗೆ, ಬಾಡಿಗೆ ಮಾರಿದವರದೇ. ನಿಮ್ಮ ಕ್ರಯಪತ್ರದಲ್ಲಿ ಹಳೇ ಬಾಕಿಗೆಲ್ಲ ಅವರೇ ಹೊಣೆ ಎಂಬ ಸಾಲಿದ್ದರೆ ಕರೆಂಟ್ ಹಣ ಕೇಳುವುದೂ ಸುಲಭ.

ನೀರಿನ ದಂಡ ಬಹುಶಃ ಮಳೆನೀರು ಕೊಯ್ಲಿನದು. 40-60 ಸೈಟಿನ ಹಳೇ ಮನೆಗಳಿಗೂ ಅದು ಕಡ್ಡಾಯ. ಹಿಂದಿನವರು ಹಾಕಿಸದಿದ್ದರೆ ಬಿಲ್ಲಿನ ಜೊತೆ ದಂಡವೂ ಬರುತ್ತಲೇ ಇರುತ್ತದೆ. ಹಾಕಿಸಿಬಿಡಿ. ದಂಡಕ್ಕಾಗಿ ಮಾತ್ರ ಅಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಒಣಗಿ ಟ್ಯಾಂಕರಿಗೆ ಕಾದವರ ಪಾಡು ನಿಮಗೇ ಗೊತ್ತು. ಹಾಗೇ ಸಂಪ್ ತುಂಬಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ, ರಾತ್ರಿಯಿಡೀ ಮೋಟರ್ ಹಾಕದೆ ಬಿಡಲು ಹೇಳಿ. ಒಳಗೆ ಬರುವ ನೀರನ್ನೂ ನಿಲ್ಲಿಸಬೇಕು. ಬೆಳಗ್ಗೆ ಮಟ್ಟ ಇಳಿದಿದ್ದರೆ ಸಂಪ್ ಸೋರುತ್ತಿದೆ. ಹೊಸ ಪೇಂಟ್ ಗೋಡೆಯ ತೇವವನ್ನು ಮುಚ್ಚಬಹುದು, ಇದನ್ನು ಮುಚ್ಚಲಾರದು.

ಇನ್ನು ಭೋಗ್ಯ. ನಿಜವಾದ ಕಷ್ಟ ಇಲ್ಲೇ ಇರುವುದು. ಭೋಗ್ಯದ ಕರಾರು ರಿಜಿಸ್ಟರ್ ಆಗದಿದ್ದರೆ ಇಸಿಯಲ್ಲಿ, ಅಂದರೆ ಆಸ್ತಿಯ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳನ್ನು ತೋರಿಸುವ ಪತ್ರದಲ್ಲಿ, ಕಾಣುವುದೇ ಇಲ್ಲ. ಹನುಮಂತನಗರದಲ್ಲಿ ಅಮ್ಮನಿಗೆಂದು ನಾವು ಕೊಂಡ ಮನೆಯಲ್ಲೂ ಹೀಗೇ ಒಂದು ಕುಟುಂಬ ಇತ್ತು. ಮಾರಿದವರು ಭೋಗ್ಯದ ಹಣವನ್ನು ಖರ್ಚು ಮಾಡಿಕೊಂಡಿದ್ದರು, ಬೆಲೆಯಲ್ಲೂ ಮುರಿದುಕೊಂಡಿರಲಿಲ್ಲ. ನಮ್ಮ ನೆಂಟರೊಬ್ಬರು "ನೀರು, ಕರೆಂಟ್ ತೆಗೆಸಿ, ತಾನಾಗೇ ಹೋಗ್ತಾರೆ" ಅಂದರು. ದಯವಿಟ್ಟು ಅಂಥ ಮಾತು ಕೇಳಬೇಡಿ. ಕೆಳಗಿರುವವರು ನಿಮಗೆ ಮೋಸ ಮಾಡಿಲ್ಲ. ಅವರು ಜೀವಮಾನ ಉಳಿಸಿದ ದುಡ್ಡು ಆ ಮನೆಯ ಮೇಲಿದೆ. ಮಾಲೀಕರು ಬದಲಾದರೆ ಬಾಡಿಗೆದಾರರ ಹಕ್ಕು ಹೋಗುವುದಿಲ್ಲ, ಹೊಸ ಮಾಲೀಕರು ಹಳಬರ ಜಾಗದಲ್ಲಿ ನಿಂತ ಹಾಗೆ.

ನಾವು ಮಾಡಿದ್ದು ಇಷ್ಟು. ತಮ್ಮ ಅವರ ಮನೆಗೆ ಹೋಗಿ ಕೂತು ಮಾತಾಡಿದ. ಕರಾರಿನ ನಕಲು, ಬ್ಯಾಂಕಿನಲ್ಲಿ ಹಣ ಹೋದ ದಾಖಲೆ ತೆಗೆದುಕೊಂಡ. ಅವೆರಡನ್ನೂ ಇಟ್ಟು ವಕೀಲರ ಮೂಲಕ ಮಾರಿದವರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿದೆವು. ಫೋನ್ ಎತ್ತದಿದ್ದವರು ಆಗ ಮಾತಿಗೆ ಬಂದರು, ಕಂತಿನಲ್ಲಿ ಕೊಟ್ಟರು. ಮಕ್ಕಳ ಶಾಲೆಯ ವರ್ಷ ಮುಗಿದ ಮೇಲೆ ಆ ಕುಟುಂಬ ಬೇರೆ ಮನೆಗೆ ಹೋಯಿತು. ಅಮ್ಮನಿಗೆ ಈಗಲೂ ಹಬ್ಬಕ್ಕೆ ಅವರಿಂದ ಫೋನ್ ಬರುತ್ತದೆ. ನಿಮಗೂ ಹೀಗೇ ಆಗುತ್ತದೆ ಎಂದು ಮಾತು ಕೊಡಲಾರೆ. ಆದರೆ ನೋಟಿಸ್ ತಡ ಮಾಡಬೇಡಿ. ಹಣ ವಸೂಲಿ ದಾವೆಗೆ ಸಾಮಾನ್ಯವಾಗಿ 3 ವರ್ಷದ ಗಡುವಿದೆ, ಊರಿಗೆ ಹೋದಾಗ ನೋಡೋಣ ಎನ್ನುತ್ತಾ ಅದು ಕಳೆದುಹೋಗುತ್ತದೆ.

ಹಳೇ ಮಾಲೀಕರ ಹೆಸರಿಗೆ ಬ್ಯಾಂಕಿನ ಕಾಗದ ಬಂದರೆ ಒಡೆಯದೆ ಲಕೋಟೆಯ ಫೋಟೋ ಕಳಿಸಲು ಅಪ್ಪನಿಗೆ ಹೇಳಿ. ಮನೆ ಮೇಲೆ ಸಾಲ ಉಳಿದಿರಬಹುದು ಅನ್ನಿಸಿದರೆ ಕರ್ನಾಟಕ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಹೊಸ ಇಸಿ ತೆಗೆಯಿರಿ, ಸೆರ್ಸಾಯ್‌ನಲ್ಲೂ ಹುಡುಕಿ. ಬ್ಯಾಂಕುಗಳು ಅಡಮಾನ ದಾಖಲಿಸುವ ಕೇಂದ್ರ ನೋಂದಣಿ ಅದು. ಎರಡೂ ಆನ್‌ಲೈನ್‌ನಲ್ಲೇ ಸಿಗುತ್ತವೆ. ಇ-ಖಾತೆಯ ಅರ್ಜಿಯೂ ಆನ್‌ಲೈನ್. ಬಿಬಿಎಂಪಿ ಹೋಗಿ ಈಗ ಐದು ಪಾಲಿಕೆ ಬಂದಿವೆ, ವಿಜಯನಗರದ ನಿಮ್ಮ ವಾರ್ಡ್ ಯಾವುದಕ್ಕೆ ಸೇರಿದೆ ಎಂದು ಮೊದಲು ನೋಡಿಕೊಳ್ಳಿ.

ಈ ವಾರ ಭೋಗ್ಯದ ಕರಾರಿನ ನಕಲು ತರಿಸಿ, ಕ್ರಯಪತ್ರದ ಜೊತೆ ವಕೀಲರಿಗೆ ತೋರಿಸಿ. ಬಾಕಿ, ಬಾಡಿಗೆದಾರರ ಬಗ್ಗೆ ಕ್ರಯಪತ್ರದಲ್ಲಿ ಏನಿದೆ ಎಂದು ನನಗೂ ಬರೆಯಿರಿ. ನೋಟಿಸಿನಲ್ಲಿ ಏನೇನು ಕೇಳಬೇಕು ಎಂದು ಕೂತು ಯೋಚಿಸೋಣ.